ಒಂದೇ ಒದ್ದೆ ಬಟ್ಟೆ, ಎರಡು ಕೆಲಸ: ತಣ್ಣೀರು ಪಟ್ಟಿ, ಹಬೆ, ಕಂಬಳಿ ಮೈಗೆ ಏನು ಮಾಡುತ್ತವೆ?

ಕಕ್ಕಡ ತಿಂಗಳು ಬಂತೆಂದರೆ ಕೊಡಗಿನ ಮನೆಗಳಲ್ಲಿ ಎರಡು ಸಂಗತಿ ಗ್ಯಾರಂಟಿ. ಬಟ್ಟೆ ಒಣಗುವುದಿಲ್ಲ, ಮತ್ತು ಯಾರಾದರೂ ಒಬ್ಬರಿಗೆ ಜ್ವರ ಇದ್ದೇ ಇರುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟೂ ಹೋಗಿ ಕೂತಾಗ ಪೇಟೆಗೆ ಹೋಗುವುದೇ ಒಂದು ಕೆಲಸ. ಆಗ ಎಲ್ಲರಿಗೂ ನೆನಪಾಗುವುದು ಮನೆಮದ್ದು.

ಈ ಸಲ ನಮ್ಮ ಕಡೆ ಫೋನಿನಿಂದ ಫೋನಿಗೆ ಒಂದು ಸಲಹೆ ಓಡಾಡುತ್ತಿದೆ. ಪಂಚೆಯನ್ನು ತಣ್ಣೀರಲ್ಲಿ ಅದ್ದಿ ಮೈಗೆ ಸುತ್ತಿ, ಮೇಲೆ ದಪ್ಪ ಕಂಬಳಿ ಹೊದಿಸಿ ಮಲಗಿಸಿದರೆ ಎಂಥಾ ಜ್ವರವೂ ಒಂದು ಗಂಟೆಯಲ್ಲಿ ಇಳಿಯುತ್ತದಂತೆ. ಪಕ್ಕದ ಮನೆ ಅಕ್ಕ ಅದನ್ನು ತೋರಿಸಿ, "ತಣ್ಣಗಾಗಲಿ ಅಂತ ಒದ್ದೆ ಬಟ್ಟೆ ಸುತ್ತಿದ ಮೇಲೆ ಕಂಬಳಿ ಯಾಕೆ? ಬಿಸಿಯಾಗಬೇಕು ಅಂದ್ರೆ ತಣ್ಣೀರು ಯಾಕೆ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಾದರೆ ತಣ್ಣೀರು ಪಟ್ಟಿ, ಶಾಖ, ಹಬೆ, ಬಾಣಂತಿ ಸ್ನಾನ ಎಲ್ಲದರ ಗುಟ್ಟೂ ಅರ್ಧ ಬಿಚ್ಚಿಕೊಳ್ಳುತ್ತದೆ.

ಮೊದಲು ಮೈಯ ಲೆಕ್ಕ

ನಮ್ಮ ಮೈ ಒಂದು ಆರದ ಒಲೆ. ಸುಮ್ನೆ ಮಲಗಿದ್ದರೂ ಗಂಟೆಗೆ ಸುಮಾರು 70ರಿಂದ 80 ಕಿಲೋಕ್ಯಾಲೊರಿ ಶಾಖ ಹೊರಗೆ ಬಿಡುತ್ತಿರುತ್ತದೆ. ಅಂದರೆ ಹಳೇ ಕಾಲದ 100 ವ್ಯಾಟ್ ಬಲ್ಬಿಗಿಂತ ಒಂಚೂರು ಕಡಿಮೆ. ಒಳಗಿನ ಬಿಸಿ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕಾದರೆ, ಹುಟ್ಟಿದಷ್ಟು ಶಾಖ ಹೊರಗೂ ಹೋಗುತ್ತಿರಬೇಕು. ಜಾಸ್ತಿ ಹೋದರೆ ಚಳಿ, ಕಡಿಮೆ ಹೋದರೆ ಸೆಖೆ.

ಶಾಖವನ್ನು ಹೊರಗೆ ಸಾಗಿಸುವುದು ರಕ್ತ. ಸೆಖೆಯಾದರೆ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಬಿಸಿ ರಕ್ತ ಮೇಲಕ್ಕೆ ಬರುತ್ತದೆ, ಮುಖ ಕೆಂಪಾಗುತ್ತದೆ. ಚಳಿಯಾದರೆ ಅವೇ ನಾಳಗಳು ಕುಗ್ಗಿ ರಕ್ತ ಒಳಗೇ ಉಳಿಯುತ್ತದೆ. ಕೈಕಾಲು ತಣ್ಣಗಾಗುವುದು ಅದಕ್ಕೇ.

ಇದರಲ್ಲಿ ನೀರಿಗೇಕೆ ಇಷ್ಟು ಮಹತ್ವ? ಗಾಳಿಗಿಂತ ನೀರು ಸುಮಾರು 25 ಪಟ್ಟು ಚುರುಕಾಗಿ ಶಾಖ ದಾಟಿಸುತ್ತದೆ. 20 ಡಿಗ್ರಿ ಗಾಳಿಯಲ್ಲಿ ಅಂಗಳದಲ್ಲಿ ಕೂತು ಕಾಫಿ ಕುಡಿಯಬಹುದು, ಅದೇ 20 ಡಿಗ್ರಿ ಹೊಳೆ ನೀರಿಗೆ ಇಳಿದರೆ ಹಲ್ಲು ಕಟಕಟ ಅನ್ನುತ್ತದೆ. ಇನ್ನೊಂದು ಸಂಗತಿ ಇನ್ನೂ ದೊಡ್ಡದು. ನೀರು ಆವಿಯಾಗುವಾಗ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಚರ್ಮದ ಮೇಲಿನ ಒಂದು ಗ್ರಾಂ ಬೆವರು ಆರಿದರೆ ಸುಮಾರು 580 ಕ್ಯಾಲೊರಿ ಹೋಯಿತು ಅಂತ ಲೆಕ್ಕ. ಒಂದು ಚಮಚ ಬೆವರು ಆರುವಾಗ ಒಯ್ಯುವ ಶಾಖದಲ್ಲಿ ಏಳು ಚಮಚ ತಣ್ಣೀರನ್ನು ಕುದಿಸಬಹುದು! ಆದರೆ ಮಳೆಗಾಲದಲ್ಲಿ ನಮ್ಮ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಹಾಗಾಗಿ ಹಗ್ಗದ ಮೇಲಿನ ಬಟ್ಟೆಯೂ ಆರುವುದಿಲ್ಲ, ಮೈಮೇಲಿನ ಬೆವರೂ ಬೇಗ ಆರುವುದಿಲ್ಲ.

ತಣ್ಣೀರು ಬಟ್ಟೆ ಬಿಸಿಯಾಗುವುದು ಹೇಗೆ

ಈಗ ಅಕ್ಕನ ಪ್ರಶ್ನೆಗೆ ಬರೋಣ.

ಒಂದು ತೆಳು ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹೊಟ್ಟೆಯ ಸುತ್ತ ಸುತ್ತಿದಿರಿ ಅಂತಿಟ್ಟುಕೊಳ್ಳಿ. ಅದರಲ್ಲಿ 200 ಗ್ರಾಂ ನೀರು ಉಳಿದಿದೆ ಅನ್ನೋಣ. ಆ ನೀರು ಮೈಬಿಸಿಗೆ ಬರಲು 15 ಡಿಗ್ರಿ ಏರಬೇಕಾದರೆ ಬೇಕಾಗುವುದು 3 ಕಿಲೋಕ್ಯಾಲೊರಿ, ಅಷ್ಟೇ. ಇಡೀ ಮೈ ಎರಡು ಮೂರು ನಿಮಿಷದಲ್ಲಿ ಹುಟ್ಟಿಸುವ ಶಾಖ ಅದು. ಎಲ್ಲ ಶಾಖವೂ ಹೊಟ್ಟೆಯ ಭಾಗಕ್ಕೇ ಬರುವುದಿಲ್ಲವಲ್ಲ, ಹಾಗಾಗಿ ನಿಜದಲ್ಲಿ ಇನ್ನೊಂದಿಷ್ಟು ಹೊತ್ತು ಹಿಡಿಯುತ್ತದೆ. ಒಟ್ಟಿನಲ್ಲಿ ಬಟ್ಟೆ ಬೇಗ ಬೆಚ್ಚಗಾಗುತ್ತದೆ.

ಆಮೇಲೆ ಏನಾಗುತ್ತದೆ ಅನ್ನುವುದು ಮೇಲೆ ಏನು ಹೊದಿಸಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಏನೂ ಹೊದಿಸದೆ ಬಿಟ್ಟರೆ ನೀರು ಆರುತ್ತಾ ಹೋಗುತ್ತದೆ. ಆ 200 ಗ್ರಾಂ ಪೂರ್ತಿ ಆರಿದರೆ 116 ಕಿಲೋಕ್ಯಾಲೊರಿ ಹೋಯಿತು, ಅಂದರೆ ಮೈ ಒಂದೂವರೆ ಗಂಟೆ ದುಡಿದದ್ದು. ಇದು ತಣ್ಣಗೆ ಮಾಡುವ ಪಟ್ಟಿ. ಮೇಲೆ ಒಣ ಬಟ್ಟೆ, ಅದರ ಮೇಲೆ ಉಣ್ಣೆ ಕಂಬಳಿ ಬಿಗಿಯಾಗಿ ಸುತ್ತಿದರೆ ಆವಿ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಯಾದ ನೀರು ಅಲ್ಲೇ ಕೂತು, ಚರ್ಮಕ್ಕೆ ಬೆಚ್ಚನೆಯ ಮುಚ್ಚಳದ ಹಾಗೆ ಆಗುತ್ತದೆ. ರಕ್ತನಾಳ ಹಿಗ್ಗುತ್ತದೆ, ಕೊನೆಗೆ ಬೆವರು ಇಳಿಯುತ್ತದೆ. ಇದು ಬಿಸಿ ಮಾಡುವ ಪಟ್ಟಿ.

ಬಟ್ಟೆ ಒಂದೇ, ನೀರೂ ಒಂದೇ, ಕೆಲಸ ಮಾತ್ರ ಉಲ್ಟಾ. ಹೊದಿಕೆ ಇಲ್ಲದಿದ್ದರೆ ಮೈಯ ಶಾಖ ಹೊರಗೆ ಹೋಗುತ್ತದೆ, ಹೊದಿಕೆ ಇದ್ದರೆ ಒಳಗೇ ನಿಲ್ಲುತ್ತದೆ. ಫೋನಿನ ಸಲಹೆಯಲ್ಲಿ ಈ ಒಂದು ಮಾತೇ ಇಲ್ಲ.

"ಚೆನ್ನಾಗಿ ಹಿಂಡಿ" ಅಂತ ಹಳಬರು ಒತ್ತಿ ಹೇಳುವುದೂ ಇದೇ ಲೆಕ್ಕಕ್ಕೆ. ನೀರು ತೊಟ್ಟಿಕ್ಕುವ ಬಟ್ಟೆಯಲ್ಲಿ ಒಂದು ಲೀಟರ್ ಇದ್ದರೆ, ಅದನ್ನು ಬೆಚ್ಚಗೆ ಮಾಡಲು ಐದು ಪಟ್ಟು ಶಾಖ ಬೇಕು. ಮೈ ಸೋತುಹೋಗುತ್ತದೆ, ನಡುಕ ಶುರುವಾಗುತ್ತದೆ, ಪಟ್ಟಿ ಬೆಚ್ಚಗಾಗುವುದೇ ಇಲ್ಲ. ಮೊದಲೇ ಕೈಕಾಲು ತಣ್ಣಗಿರುವವರಿಗೆ ತಣ್ಣೀರು ಪಟ್ಟಿ ಹಾಕಬಾರದು ಅನ್ನುವುದೂ ಇದಕ್ಕೇ. ಬಟ್ಟೆಯನ್ನು ಬಿಸಿ ಮಾಡಲು ಅಲ್ಲಿಗೆ ರಕ್ತವೇ ಬಂದಿಲ್ಲವಲ್ಲ.

ಹಾಗಾದರೆ ಕಂಬಳಿಯೇ ಯಾಕೆ, ಪ್ಲಾಸ್ಟಿಕ್ ಹಾಳೆ ಸಾಲದಾ? ಮಳೆಯಲ್ಲಿ ಗದ್ದೆ ನಾಟಿಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದವರನ್ನು ನೆನಪು ಮಾಡಿಕೊಳ್ಳಿ. ಕಂಬಳಿ ನೆನೆದು ಭಾರವಾದರೂ ಒಳಗೆ ಬೆಚ್ಚಗೇ ಇರುತ್ತಿತ್ತು. ಉಣ್ಣೆಯ ಎಳೆ ಸುರುಳಿ ಸುರುಳಿ, ಹಾಗಾಗಿ ಒದ್ದೆಯಾದರೂ ಮಧ್ಯೆ ಗಾಳಿ ಉಳಿಯುತ್ತದೆ. ಅದು ತೇವವನ್ನು ಎಳೆಯ ಒಳಗೇ ಹೀರಿಕೊಳ್ಳುತ್ತದೆ, ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಪ್ಲಾಸ್ಟಿಕ್ಕಿನೊಳಗೆ ಚರ್ಮ ಬೆಂದ ಹಾಗಾಗುತ್ತದೆ, ಅಷ್ಟೇ.

ಇದನ್ನು ಯಾರು ಹಬ್ಬಿಸಿದರು

ಕಾವು ಕೊಟ್ಟು ಬೆವರಿಸುವುದು ನಮ್ಮಲ್ಲಿ ಹಳೆಯದು. ಸುಶ್ರುತ ಇದನ್ನು ನಾಲ್ಕು ಬಗೆ ಮಾಡಿದ್ದಾನೆ: ಒಣ ಕಾವು, ಮದ್ದು ಹಚ್ಚಿ ಕಟ್ಟುವ ಬೆಚ್ಚನೆ ಕಟ್ಟು, ಹಬೆ, ಬಿಸಿ ದ್ರವ. ಕಾದ ಮರಳಿನ ಗಂಟು, ಎಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆ, ಲಕ್ಕಿ ಸೊಪ್ಪಿನ ಹಬೆ, ಹಂಡೆ ನೀರು ಅಂತ ನಮ್ಮ ಮನೆಗಳಲ್ಲಿ ಇವತ್ತಿಗೂ ಇರುವುದು ಈ ನಾಲ್ಕೇ.

ತಣ್ಣೀರು ಬಟ್ಟೆ ಮೇಲೆ ಕಂಬಳಿ ಸುತ್ತುವ ಪದ್ಧತಿಯನ್ನು ಹಬ್ಬಿಸಿದ್ದು ಮಾತ್ರ ಯುರೋಪಿನ ಹಳ್ಳಿಯವರು. ವಿನ್ಸೆಂಟ್ ಪ್ರೀಸ್ನಿಟ್ಸ್ (1799-1851) ಒಬ್ಬ ರೈತನ ಮಗ, ಈಗಿನ ಚೆಕ್ ದೇಶದ ಬೆಟ್ಟದ ಊರಿನವನು. ಗಾಡಿಗೆ ಸಿಕ್ಕಿ ಪಕ್ಕೆಲುಬು ಮುರಿದಾಗ ಒದ್ದೆ ಬಟ್ಟೆ ಸುತ್ತಿಕೊಂಡೇ ವಾಸಿಯಾದ ಅನ್ನುವ ಕಥೆ ಅವನ ಹೆಸರಿಗೆ ಅಂಟಿಕೊಂಡಿದೆ. ಆಮೇಲೆ ಜರ್ಮನಿಯ ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (1821-1897) ಬಂದರು. ಲೈಪ್ಜಿಗ್ ನಗರದ ಲೂಯಿ ಕೂನೆ ತೊಟ್ಟಿಯಲ್ಲಿ ಸೊಂಟದವರೆಗೆ ಕೂರುವ ಕಟಿ ಸ್ನಾನವನ್ನು ಹೆಸರು ಮಾಡಿದರು. ಕೂನೆಯವರನ್ನು ಓದಿ ಮೆಚ್ಚಿದವರಲ್ಲಿ ಗಾಂಧೀಜಿ ಒಬ್ಬರು.

ಗಾಂಧೀಜಿಯ ಮಗ ಮಣಿಲಾಲನಿಗೆ ಹತ್ತು ವರ್ಷದವನಿದ್ದಾಗ ಮುಂಬೈಯಲ್ಲಿ ಟೈಫಾಯ್ಡ್ ಬಂತು, ಜ್ವರ 104 ಡಿಗ್ರಿ ಫ್ಯಾರನ್‌ಹೀಟ್. ವೈದ್ಯರು ಮೊಟ್ಟೆ, ಕೋಳಿ ಸಾರು ಕೊಡಿ ಅಂದರೆ ಗಾಂಧೀಜಿ ಒಪ್ಪದೆ ಕಟಿ ಸ್ನಾನ, ಒದ್ದೆ ಬಟ್ಟೆಯ ಸುತ್ತು ಮಾಡಿದರು. ಹುಡುಗ ಬೆವರಿದ, ಜ್ವರ ಇಳಿಯಿತು. ಈ ಕಥೆಯನ್ನು ತುಂಬಾ ಜನ ಸಾಕ್ಷಿಯಾಗಿ ಹೇಳುತ್ತಾರೆ. ಆದರೆ ವಾಸಿಯಾದದ್ದು ದೇವರ ದಯೆಯಿಂದಲೋ, ನೀರಿನಿಂದಲೋ, ಪಥ್ಯ ಮತ್ತು ಆರೈಕೆಯಿಂದಲೋ ಯಾರು ಹೇಳಬಲ್ಲರು ಅಂತ ಗಾಂಧೀಜಿಯೇ ಬರೆದಿದ್ದಾರೆ. ಆಮೇಲೂ ವಾರಗಟ್ಟಲೆ ಪಥ್ಯ, ಶುಶ್ರೂಷೆ ನಡೆದಿತ್ತು. ಒಂದು ಗಂಟೆಯ ಮಾತು ಅಲ್ಲಿಲ್ಲ. (1934ರಲ್ಲಿ ಗಾಂಧೀಜಿ ನಮ್ಮ ಕೊಡಗಿಗೂ ಬಂದಿದ್ದರು. ನಮ್ಮ ಮಳೆಗಾಲ ನೋಡಲಿಲ್ಲ, ಬಂದದ್ದು ಫೆಬ್ರವರಿಯಲ್ಲಿ.)

ಜ್ವರಕ್ಕೆ ಯಾವುದು, ಯಾವಾಗ

ಜ್ವರ ಅಂದರೆ ಮೈ ಸುಮ್ನೆ ಬಿಸಿಯಾಗುವುದಲ್ಲ. ಮೆದುಳಿನಲ್ಲಿ ಮೈಬಿಸಿಯನ್ನು ಕಾಯುವ ಒಂದು ಜಾಗ ಇದೆ. ಸೋಂಕು ತಗುಲಿದಾಗ ಅದೇ ತನ್ನ ಗುರಿಯನ್ನು 98.6ರಿಂದ 102ಕ್ಕೋ 103ಕ್ಕೋ ಏರಿಸಿಕೊಳ್ಳುತ್ತದೆ. ಗುರಿ ಮೇಲೆ ಹೋಗಿ ಮೈ ಇನ್ನೂ ಕೆಳಗಿದ್ದಾಗ ಚಳಿ, ನಡುಕ. ಗುರಿ ಮುಟ್ಟಿದ ಮೇಲೆ ಮೈ ಸುಡುತ್ತದೆ. ಗುರಿ ಮತ್ತೆ ಇಳಿದಾಗ ಬೆವರು. "ಬೆವರು ಬಂತು, ಜ್ವರ ಬಿಡ್ತು" ಅಂತ ಅಜ್ಜಿ ಹೇಳುತ್ತಿದ್ದದ್ದು ಸರಿಯೇ, ಆದರೆ ಬೆವರಿನಿಂದ ಜ್ವರ ಬಿಡುವುದಲ್ಲ. ಜ್ವರ ಬಿಡುತ್ತಿರುವುದರಿಂದ ಬೆವರು ಬರುತ್ತದೆ.

ಇದನ್ನು ತಿಳಿದರೆ ಉಳಿದದ್ದು ಸುಲಭ. ಗಡಗಡ ನಡುಗುತ್ತಿರುವವರಿಗೆ ತಣ್ಣೀರು ಹಾಕಿದರೆ ಮೈ ಇನ್ನೂ ಜಾಸ್ತಿ ನಡುಗಿ ಇನ್ನೂ ಶಾಖ ಹುಟ್ಟಿಸುತ್ತದೆ. ಆಗ ಒಂದು ಹೊದಿಕೆ ಸಾಕು. ನಡುಕ ನಿಂತು ಮೈ ಸುಡುವಾಗ ದಪ್ಪ ಕಂಬಳಿ ತೆಗೆಯಬೇಕು. ಆಗ ಹಣೆಗೋ ಮೀನಖಂಡಕ್ಕೋ ಉಗುರುಬೆಚ್ಚಗಿನ ನೀರಿನ ಬಟ್ಟೆ ಹಾಕಿದರೆ ಹಿತವಾಗುತ್ತದೆ. ಜರ್ಮನಿಯ ಮನೆಗಳಲ್ಲಿ ಇವತ್ತಿಗೂ ಮೀನಖಂಡಕ್ಕೆ ಒದ್ದೆ ಬಟ್ಟೆ ಸುತ್ತುತ್ತಾರೆ. ಅದು ಬೆಚ್ಚಗಾದ ಕೂಡಲೇ ಬದಲಿಸುವುದೇ ಅಲ್ಲಿನ ಮುಖ್ಯ ಕೆಲಸ. ಸುಡುತ್ತಿರುವ ಮಗುವಿಗೆ ಒದ್ದೆ ಪಂಚೆ ಸುತ್ತಿ ಅದರ ಮೇಲೆ ಕಂಬಳಿ ಬಿಗಿದು ಒಂದು ಗಂಟೆ ಬಿಟ್ಟರೆ ಜ್ವರ ಏರಬಹುದು, ಇಳಿಯುವುದಲ್ಲ. ಐಸ್ ನೀರು, ಸ್ಪಿರಿಟ್ ಒರೆಸುವುದು ಮಕ್ಕಳಿಗೆ ಬೇಡವೇ ಬೇಡ.

ಬಟ್ಟೆ ಚರ್ಮವನ್ನು ತಣ್ಣಗೆ ಮಾಡುತ್ತದೆ, ಮೆದುಳಿನ ಗುರಿಯನ್ನು ಮುಟ್ಟುವುದಿಲ್ಲ. ಅದನ್ನು ಇಳಿಸುವುದು ಪ್ಯಾರಾಸಿಟಮಾಲ್. ಎರಡೂ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ ಎರಡೂ ಇರುವ ನಮ್ಮಂಥ ಕಡೆ ಇದು ಮುಖ್ಯ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ. ಹೊಟ್ಟೆ ನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ತೀರಾ ಸುಸ್ತು ಕಂಡರೆ "ಪಟ್ಟಿ ಹಾಕಿದ ಮೇಲೆ ಮೈ ತಣ್ಣಗಿದೆ" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಇಲಿ ಜ್ವರಕ್ಕೆ ಆ್ಯಂಟಿಬಯಾಟಿಕ್ ಬೇಕು, ಬೇಗ ಬೇಕು. ಗದ್ದೆ ಕೆಸರಿನಲ್ಲಿ ಇಳಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ವೈದ್ಯರಿಗೆ ಗದ್ದೆಯ ವಿಷಯವನ್ನೂ ಹೇಳಿ.

ಬಿಸಿನೀರು: ಕೆಲಸ ಮಾಡುವ ಕಡೆ

ತೋಟದ ಕೆಲಸ ಮುಗಿಸಿ ಬಂದು ಹಂಡೆಯಿಂದ ಚೆಂಬು ಚೆಂಬು ಬಿಸಿನೀರು ಬೆನ್ನಿಗೆ ಸುರಿದುಕೊಂಡರೆ ಜೀವ ಬಂದ ಹಾಗಾಗುತ್ತದೆ. ಅದು ಬರೀ ಭ್ರಮೆಯಲ್ಲ. ಬಿಸಿಗೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ರಕ್ತ ಓಡಾಡುತ್ತದೆ. ಸೊಂಟ ಹಿಡಿದದ್ದು, ಹಳೇ ಮಂಡಿ ನೋವು, ಇವಕ್ಕೆ ಶಾಖದಿಂದ ಹಗುರವಾಗುತ್ತದೆ. ಮುಟ್ಟಿನ ಹೊಟ್ಟೆನೋವಿಗಂತೂ ಹೊಟ್ಟೆಯ ಮೇಲೆ ಹಿತವಾದ ಕಾವು ಇಡುವುದು ನೋವಿನ ಮಾತ್ರೆಯಷ್ಟೇ ಕೆಲಸ ಮಾಡಿದ್ದು ಪ್ರಯೋಗಗಳಲ್ಲಿ ಕಂಡಿದೆ. ಈಗಷ್ಟೇ ಉಳುಕಿ ಊದಿದ ಕಾಲಿಗೆ ಮಾತ್ರ ಶಾಖ ಬೇಡ. ಮೊದಲ ಒಂದೆರಡು ದಿನ ತಣ್ಣೀರು ಪಟ್ಟಿ, ಶಾಖ ಆಮೇಲೆ.

ಮಲಗುವ ಮುಂಚೆ ಬಿಸಿನೀರಲ್ಲಿ ಕಾಲು ಇಟ್ಟರೆ ನಿದ್ದೆ ಬರುತ್ತದೆ ಅನ್ನುವುದಕ್ಕೂ ಆಧಾರ ಇದೆ. ನಿದ್ದೆ ಹತ್ತಬೇಕಾದರೆ ಮೈ ಒಳಗಿನ ಬಿಸಿ ಒಂಚೂರು ಇಳಿಯಬೇಕು. ಪಾದ ಬೆಚ್ಚಗಾಗಿ ರಕ್ತನಾಳ ಹಿಗ್ಗಿದರೆ ಒಳಗಿನ ಶಾಖ ಅಲ್ಲಿಂದ ಹೊರಗೆ ಹೋಗುತ್ತದೆ. ಕಿಟಕಿ ತೆರೆದ ಹಾಗೆ. ಮಲಗುವ ಒಂದೆರಡು ಗಂಟೆ ಮುಂಚೆ ಬಿಸಿನೀರ ಸ್ನಾನ ಮಾಡಿದವರಿಗೆ ಸರಾಸರಿ 10 ನಿಮಿಷ ಬೇಗ ನಿದ್ದೆ ಹತ್ತಿದ್ದು ಕಂಡುಬಂದಿದೆ.

ಎಷ್ಟು ಬಿಸಿ? 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, ಮೊಣಕೈ ಅದ್ದಿದರೆ ಹಿತ ಅನ್ನಿಸಬೇಕು. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಕ್ಕಳದ್ದನ್ನು ಇನ್ನೂ ಬೇಗ. ತುಂಬಾ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ: ಬರೀ 44 ಡಿಗ್ರಿಯೂ ಆರು ಗಂಟೆ ಒಂದೇ ಕಡೆ ತಾಗಿದ್ದರೆ ಸುಡುತ್ತದೆ. ನಮ್ಮ ಮನೆಯಲ್ಲೇ ಆಗಿದೆ. ಸಕ್ಕರೆ ಕಾಯಿಲೆ ಇದ್ದ ಅತ್ತೆ ಒಂದು ಮಳೆಯ ರಾತ್ರಿ ಬಿಸಿನೀರಿನ ಚೀಲವನ್ನು ಕಾಲಡಿ ಇಟ್ಟುಕೊಂಡು ಮಲಗಿದರು. ಪಾದಕ್ಕೆ ಜೋಮು, ಬಿಸಿ ಗೊತ್ತಾಗಲಿಲ್ಲ. ಬೆಳಗ್ಗೆ ನೋಡಿದರೆ ದೊಡ್ಡ ಬೊಬ್ಬೆ, ಆ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಈಗ ನಮ್ಮಲ್ಲಿ ಚೀಲ ಹಾಸಿಗೆ ಬೆಚ್ಚಗೆ ಮಾಡುತ್ತದೆ, ಮಲಗುವಾಗ ಹೊರಗೆ ಹೋಗುತ್ತದೆ.

ಸುಟ್ಟುಕೊಂಡರೆ? ನನ್ನ ಲೆಕ್ಕದಲ್ಲಿ ಮನೆಮದ್ದುಗಳಲ್ಲೇ ಮೊದಲ ಸ್ಥಾನ ಇದಕ್ಕೆ: ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಟೂತ್ ಪೇಸ್ಟ್ ಬೇಡ, ಐಸೂ ಬೇಡ. 20 ನಿಮಿಷ ಅಂದರೆ ಗಡಿಯಾರ ನೋಡಿ 20 ನಿಮಿಷ. ಗಾಯ ದೊಡ್ಡದಿದ್ದರೆ ಅದಾದ ಕೂಡಲೇ ಆಸ್ಪತ್ರೆ.

ಹಬೆ

ಮಡಿಕೇರಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವುದರಿಂದ ಅಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಹಬೆಗೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ, ಯಾಕೆಂದರೆ ಆವಿ ಚರ್ಮದ ಮೇಲೆ ಮತ್ತೆ ನೀರಾಗುವಾಗ ತಾನು ಹೊತ್ತು ತಂದ ಶಾಖವನ್ನೆಲ್ಲ ಅಲ್ಲೇ ಸುರಿಯುತ್ತದೆ. ಕಟ್ಟಿದ ಮೂಗು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಹಿತವಾಗಿರುತ್ತದೆ. ವೈರಸ್ ಸಾಯುವುದಿಲ್ಲ. ನೆಗಡಿ ಬೇಗ ಹೋಗುತ್ತದೆ ಅನ್ನುವುದೂ ಪ್ರಯೋಗಗಳಲ್ಲಿ ಗಟ್ಟಿಯಾಗಿಲ್ಲ. ಕೊರೊನಾ ಕಾಲದಲ್ಲಿ ಹಬೆ ತಗೊಳ್ಳಲು ಹೋಗಿ ಮಕ್ಕಳ ತೊಡೆ ಮೇಲೆ ಪಾತ್ರೆ ಮಗುಚಿ ಸುಟ್ಟದ್ದೇ ದೊಡ್ಡ ಕಾಟವಾಯಿತು. ಲಕ್ಕಿ ಸೊಪ್ಪು ಹಾಕಿ, ನೀಲಗಿರಿ ಎಣ್ಣೆ ಒಂದು ಹನಿ ಹಾಕಿ, ಪರಿಮಳ ಚೆನ್ನಾಗಿರುತ್ತದೆ. ಪಾತ್ರೆ ಮಾತ್ರ ಮೇಜಿನ ಮೇಲಿರಲಿ, ಮಕ್ಕಳು ದೂರ ಇರಲಿ.

ಬಾಣಂತಿ ಕೋಣೆ

ಬೆಚ್ಚಗಿಡುವುದರಲ್ಲಿ ನಮ್ಮವರು ಯಾವತ್ತೂ ಕಡಿಮೆ ಮಾಡಿದವರಲ್ಲ. ಬಿಸಿನೀರ ಸ್ನಾನ, ಸೊಂಟಕ್ಕೆ ಬಟ್ಟೆ, ತಲೆಗೆ ಬಟ್ಟೆ, ಕೋಣೆಯಲ್ಲಿ ಕೆಂಡ. ಸ್ನಾನ, ಬಟ್ಟೆ ಹಿತವೇ. ಉಸಿರು ಕಟ್ಟುವಷ್ಟು ಬಿಗಿಯಬಾರದು, ಸಿಸೇರಿಯನ್ ಆಗಿದ್ದರೆ ಮೊದಲು ವೈದ್ಯರನ್ನು ಕೇಳಬೇಕು. ತುಂಬಾ ಬಿಸಿನೀರು ಹೊಯ್ದರೆ ರಕ್ತವೆಲ್ಲ ಚರ್ಮಕ್ಕೆ ಬಂದು ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ಅದಕ್ಕೇ ಬಚ್ಚಲಿನಲ್ಲಿ ಜೊತೆಗೊಬ್ಬರು ಇರಬೇಕು. ಬೆವರು ಹರಿಸಿ, ಹಾಲೂ ಕುಡಿಸುವವಳಿಗೆ ನೀರು ಕುಡಿಯಬೇಡ ಅನ್ನುವುದು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಮಗುವನ್ನು ಸುತ್ತುವಾಗ ಕಾಲು ನೇರ ಎಳೆದು ಬಿಗಿಯಬೇಡಿ. ಮಂಡಿ ಮಡಚಿ ಅಗಲಿಸಲು ಜಾಗ ಇರಲಿ, ಇಲ್ಲದಿದ್ದರೆ ಸೊಂಟದ ಕೀಲು ಜಾರುವ ಭಯವಿದೆ.

ಕೆಂಡದ ವಿಷಯ ಬೇರೆ. ಇದ್ದಿಲು, ಕೆಂಡ ಮುಚ್ಚಿದ ಕೋಣೆಯಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಹೊಗೆಯೂ ಕಾಣುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗಕ್ಕೆ ಅದು 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ, ಆಮೇಲೆ ಎಚ್ಚರವೇ ಇರುವುದಿಲ್ಲ. ಹಳೇ ಮನೆಗಳಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ, ಕಿಟಕಿಗೆ ಗಾಜು ಬಿಗಿದು, ಬಾಗಿಲ ಕೆಳಗೆ ಗೋಣಿ ತುರುಕಿ ಅದೇ ಕೆಂಡ ಇಟ್ಟರೆ ಅದು ಬೇರೆಯೇ ಕೆಂಡ. ಗಾಳಿ ಕಿಂಡಿ ಇಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಇದೇ ಜಾತಿ. ಕೋಣೆಯನ್ನು ಕೆಂಡದಿಂದ ಬೆಚ್ಚಗೆ ಮಾಡಿ, ಮಲಗುವ ಮೊದಲು ಕೆಂಡವನ್ನು ಹೊರಗೆ ಹಾಕಿ, ಸ್ವಲ್ಪ ಹೊತ್ತು ಕಿಟಕಿ ತೆರೆದಿಡಿ. ಬೆಚ್ಚಗಿಡಲು ಕಂಬಳಿ ಇದೆಯಲ್ಲ.

ಬಟ್ಟೆ ಒಣಗಿಸುವ ಪಾಡು

ಎಲ್ಲ ತಿಳಿದು ಪಟ್ಟಿ ಹಾಕಿದಿರಿ, ಹಿತವಾಯಿತು. ಆಮೇಲಿನ ಕೆಲಸವೇ ಕೊಡಗಿನಲ್ಲಿ ಕಷ್ಟದ್ದು. ಆ ಬಟ್ಟೆಯನ್ನು ಹಾಗೇ ಮೂಲೆಗೆ ಎಸೆದು ನಾಳೆ ಮತ್ತೆ ಸುತ್ತಿದರೆ ಅದರಲ್ಲಿ ಬೂಷ್ಟು ಹಿಡಿದಿರುತ್ತದೆ, ಮೈಗೆ ಕಜ್ಜಿ. ಹತ್ತಿ ಬಟ್ಟೆಯನ್ನು ಪ್ರತಿ ಸಲ ಸೋಪು ಹಾಕಿ ಬಿಸಿನೀರಲ್ಲಿ ಒಗೆದು, ಹಂಡೆ ಒಲೆಯ ಮೇಲಿನ ಬಿದಿರ ಗಳಕ್ಕೆ ಹರಡಿ. ಕಂಬಳಿಯನ್ನು ಅದಕ್ಕಿಂತ ಸ್ವಲ್ಪ ಮೇಲೆ, ಕಿಡಿ ತಾಗದ ಕಡೆ. ಮೈಗೆಲ್ಲ ಹೊಗೆ ವಾಸನೆ ಬರುತ್ತದೆ ಅಂತ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಅದಕ್ಕೇನೂ ಮಾಡೋಕಾಗಲ್ಲ.